ಕಾಲಿಗೆ ತಕ್ಕ ಮೆಟ್ಟು

ಪಾದವನ್ನು ರಕ್ಷಿಸತಕ್ಕದ್ದು ಪಾದರಕ್ಷೆ. ಹೆಸರಿನಲ್ಲಿಯೇ ವಸ್ತುವಿನ ಲಕ್ಷಣ ಇಷ್ಟು ಸ್ಪಷ್ಟವಾಗಿರುವ ಪದಗಳು ಕಡಮೆ. ಆದರೆ ಪೇಟೆಯ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿರುವ ಹೆಂಗಸರ ಮೆಟ್ಟುಗಳನ್ನು ನೀವು ಒಮ್ಮೆ ನಿಂತು ನೋಡಿ. ಮುಂದೆ ಹಕ್ಕಿಯ ಕೊಕ್ಕಿನಂತೆ ಚೂಪು. ಹಿಂದೆ ಗೂಟದ ಮೇಲೆ ನಿಲ್ಲಿಸಿದಂತೆ ಎತ್ತರ. ಐದು ಬೆರಳಿಗೆಂದು ಬಿಟ್ಟ ಜಾಗ ಮೂರಕ್ಕೂ ಸಾಲದು. ಇಂಥ ಪಾದರಕ್ಷೆಯಿಂದ ಪಾದವನ್ನು ರಕ್ಷಿಸುವುದಕ್ಕೆ ಇನ್ನೊಂದು ರಕ್ಷೆಯೇ ಬೇಕಾದೀತು! ಮದುವೆಯ ಮನೆಯಿಂದ ಹಿಂದಿರುಗಿದ ಹೆಣ್ಣುಮಕ್ಕಳು ಹೊಸ್ತಿಲ ಬಳಿ ಮೊದಲು ಮಾಡುವ ಕೆಲಸ ಮೆಟ್ಟು ಕಳಚಿ ಕಾಲ್ಬೆರಳನ್ನು ನೀವಿಕೊಳ್ಳುವುದು. ಈ ಸಂಕಟ ಎಲ್ಲಿಂದ ಬಂತು? ಕಾಲಿಗೆ ಮೆಟ್ಟನ್ನು ಹೊಂದಿಸುವುದನ್ನು ಬಿಟ್ಟು ಮೆಟ್ಟಿಗೆ ಕಾಲನ್ನು ಹೊಂದಿಸುವ ಪದ್ಧತಿ ಹೇಗೆ ಬೆಳೆಯಿತು? ಇದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ನಮ್ಮ ಮನೆಯ ಮಾತು. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ಅದರಿಂದ ಸಿದ್ಧಿಸುವ ಶಬ್ದಗಳಲ್ಲಿ ಒಂದು ‘ಅನುಪದೀನಾ’. ಪಾದದ ಉದ್ದವನ್ನು ಅನುಸರಿಸಿ ಕಟ್ಟಿದ ಪಾದರಕ್ಷೆ ಎಂದು ಅದರ ಅರ್ಥ. ಅಮರಸಿಂಹನೂ ತನ್ನ ಕೋಶದಲ್ಲಿ ಈ ಪದವನ್ನು ಬಿಟ್ಟಿಲ್ಲ. ಸಾಮಾನ್ಯ ಪಾದರಕ್ಷೆಗೆ ಒಂದು ಹೆಸರು, ಕಾಲಿನ ಅಳತೆಗೆ ಸರಿಯಾಗಿ ಮಾಡಿದ ಪಾದರಕ್ಷೆಗೆ ಬೇರೆಯೇ ಒಂದು ಹೆಸರು. ಯೋಚಿಸಿ ನೋಡಿ: ವೈಯಾಕರಣನು ಒಂದು ಪ್ರತ್ಯಯವನ್ನು ಹೇಳಬೇಕಾದರೆ ಆ ಮಾತು ಜನರ ಬಾಯಲ್ಲಿ ಇದ್ದಿರಲೇಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ದೇಶದಲ್ಲಿ ಕೊಳ್ಳುವವರು ‘ನನಗೆ ಅನುಪದೀನಾ ಬೇಕು’ ಎಂದು ಕೇಳುತ್ತಿದ್ದಿರಬೇಕು, ಮಾಡುವವನು ಕಾಲನ್ನು ಅಳೆಯುತ್ತಿದ್ದಿರಬೇಕು.

ಕನ್ನಡದಲ್ಲಂತೂ ಈ ವಸ್ತುವಿಗೆ ಹೆಸರುಗಳ ಬಡತನವಿಲ್ಲ. ಕೆರ, ಮೆಟ್ಟು, ಎಕ್ಕಡ, ಜೋಡು, ಹಾವುಗೆ. ಮೆಟ್ಟುವುದರಿಂದ ಮೆಟ್ಟು, ಎರಡು ಇರುವುದರಿಂದ ಜೋಡು. ಸಂಸ್ಕೃತದ ‘ಪಾದುಕಾ’ ನಮ್ಮಲ್ಲಿ ‘ಪಾವುಗೆ’ಯಾಗಿ, ಹಳಗನ್ನಡದ ಪಕಾರವು ಹಕಾರಕ್ಕೆ ತಿರುಗಿದಾಗ ‘ಹಾವುಗೆ’ಯಾಯಿತು. ಅದರ ಮುಂದೆ ಚರ್ಮದ ತದ್ಭವವಾದ ‘ಚಮ್ಮ’ ಸೇರಿದರೆ ‘ಚಮ್ಮಾವುಗೆ’.

ಚಮ್ಮಾವುಗೆ ಎಂದೊಡನೆ ಕನ್ನಡಿಗರ ಮನಸ್ಸು 12ನೆಯ ಶತಮಾನದ ಕಲ್ಯಾಣಕ್ಕೆ ಹೋಗುತ್ತದೆ. ಸಮಗಾರ ಹರಳಯ್ಯನವರು ಬಸವಣ್ಣನವರಿಗೆ ಶರಣು ಎಂದರು. ಬಸವಣ್ಣನವರು ಶರಣು ಶರಣಾರ್ಥಿ ಎಂದು ಒಂದಕ್ಕೆ ಎರಡಾಗಿ ಹಿಂದಿರುಗಿಸಿದರು. ಆ ಹೆಚ್ಚಿನ ಒಂದು ಶರಣಿನ ಋಣವನ್ನು ತೀರಿಸಲೆಂದು ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಮಾಡಿದರೆಂಬುದು ಪರಂಪರೆಯಿಂದ ಬಂದ ಕಥೆ. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಹೊತ್ತರು. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ತೋರುವುದು ಇಷ್ಟು: ಗಂಡನ ಹೆಸರಿನಷ್ಟೇ ಹೆಂಡತಿಯ ಹೆಸರೂ ಇದರಲ್ಲಿ ಉಳಿದಿದೆ. ಚರ್ಮದ ಕೆಲಸದಲ್ಲಿ ಹೆಂಗಸರ ಕೈ ಇಂದಿಗೂ ಇದೆ. ಹೊಲಿಯುವವರಲ್ಲಿ, ಜಡೆಯಂತೆ ಹೆಣೆಯುವವರಲ್ಲಿ ಅವರು ಅನೇಕರು.

ಆದರೆ ಮಾಡಿದವರೆಲ್ಲ ಮೆಟ್ಟಿದರೆಂದು ತಿಳಿಯಬೇಡಿ. ಊರಿಗೆಲ್ಲ ಕೆರ ಹೊಲಿದುಕೊಟ್ಟವರು ಮೇಲುಜಾತಿಯ ಬೀದಿಯಲ್ಲಿ ತಮ್ಮ ಕೆರವನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಊರುಗಳು ನಮ್ಮ ನಾಡಿನಲ್ಲಿ ಎಷ್ಟೋ ಇದ್ದವು. ಹೆಂಗಸರ ಮಾತು ಇನ್ನೂ ಒಂದು ತೆರ. ಮೇಲುಜಾತಿಯ ಮನೆಗಳಲ್ಲಿಯೂ ಗಂಡಸಿಗೆ ಜೋಡು ಉಂಟು, ಹೆಂಗಸಿಗೆ ಇಲ್ಲ. ಬಾವಿಗೆ, ಗದ್ದೆಗೆ, ಜಾತ್ರೆಗೆ ಬರಿಗಾಲು. ನಮ್ಮಲ್ಲಿ ಐವತ್ತು ದಾಟಿದವರಲ್ಲಿ ಅನೇಕರು ಅಜ್ಜಿಯ ಪಾದವನ್ನು ನೆನೆದುಕೊಳ್ಳಬಹುದು: ಅಗಲವಾದ ಮುಂಗಾಲು, ಬಿಡಿಬಿಡಿಯಾಗಿ ಹರಡಿದ ಬೆರಳು, ಮಳೆ ಕಾಣದ ಕೆರೆಯಂತೆ ಬಿರಿದ ಹಿಮ್ಮಡಿ. ಹಿಮ್ಮಡಿಯ ಬಿರುಕಿನ ನೋವು ಸುಳ್ಳಲ್ಲ. ಮುಳ್ಳು, ಜಂತುಹುಳುವಿನ ಕಾಟವೂ ಸುಳ್ಳಲ್ಲ. ಆದರೆ ಆ ಬೆರಳುಗಳಲ್ಲಿ ಒಂದರ ಮೇಲೊಂದು ಹತ್ತಿ ಕುಳಿತದ್ದು ಅಪರೂಪ. ಆ ಕಾಯಿಲೆ ಮೆಟ್ಟಿನ ಜೊತೆಗೆ ಬಂದದ್ದು.

ಇಂದು ನಮ್ಮ ಅಂಗಡಿಗಳಲ್ಲಿ ಕಾಣುವ ಬೂಟು ಚಪ್ಪಲಿಗಳ ಆಕಾರ, ಅವುಗಳ ಅಡಿಯಲ್ಲಿ ಒತ್ತಿರುವ ನಂಬರು ಇವೆರಡೂ ಬಹುಮಟ್ಟಿಗೆ ಯೂರೋಪಿನಿಂದ ಬಂದವು. ಆದುದರಿಂದ ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿ ಬರಬೇಕು.

ಎತ್ತರದ ಹಿಮ್ಮಡಿ, ಅಂದರೆ ನಮ್ಮ ಹುಡುಗಿಯರು ಹೀಲ್ಸ್ ಎನ್ನುವುದು, ಹೆಂಗಸರಿಗಾಗಿ ಹುಟ್ಟಿದ್ದಲ್ಲ. ಅದು ಪಾರಸಿಕ ದೇಶದ ಕುದುರೆ ಸವಾರರದು. ಸವಾರನು ಕಾಲಿಡುವ ಬಳೆಗೆ ನಮ್ಮ ಹಳಬರು ಅಂಕವಣಿ ಎನ್ನುತ್ತಿದ್ದರು. ಓಡುವ ಕುದುರೆಯ ಮೇಲೆ ಎದ್ದು ನಿಂತು ಬಾಣ ಬಿಡುವಾಗ ಅಂಕವಣಿಯಿಂದ ಕಾಲು ಜಾರದಂತೆ ಕಚ್ಚಿ ಹಿಡಿಯಲು ಹಿಮ್ಮಡಿಯ ಅಡಿಗೆ ಒಂದು ಗಟ್ಟಿ ತುಂಡು. 16ನೆಯ ಶತಮಾನದ ಕೊನೆಯಲ್ಲಿ ಷಾ ಅಬ್ಬಾಸನ ರಾಯಭಾರಿಗಳು ಯೂರೋಪಿಗೆ ಹೋದ ಕಾಲದಲ್ಲಿ ಅಲ್ಲಿನ ಸಿರಿವಂತ ಗಂಡಸರು ಇದನ್ನು ಮೆಚ್ಚಿ ತೊಟ್ಟರು. ಫ್ರಾನ್ಸಿನ 14ನೆಯ ಲೂಯಿಯ ಚಿತ್ರಪಟವನ್ನು ನೀವು ನೋಡಿದ್ದರೆ ಅವನ ಕೆಂಪು ಹಿಮ್ಮಡಿ ನೆನಪಿರಬಹುದು. ಗಂಡಸರಂತೆ ಕಾಣಬೇಕೆಂದು ಹೆಂಗಸರೂ ಅದನ್ನು ತೊಟ್ಟರು. 18ನೆಯ ಶತಮಾನದ ನಡುವಿನ ಹೊತ್ತಿಗೆ ಗಂಡಸರು ‘ಇದು ಕೆಲಸಕ್ಕೆ ಬಾರದ ವೇಷ’ ಎಂದು ಕಳಚಿ ಹಾಕಿದರು. ಹೆಂಗಸರ ಕಾಲಿಗೆ ಅದು ಅಂಟಿಕೊಂಡೇ ಉಳಿಯಿತು. 1789ರ ಫ್ರೆಂಚ್ ಕ್ರಾಂತಿಯ ಬಳಿಕ ಕೆಲವು ದಶಕ ಅವರಿಗೂ ಬಿಡುವು ದೊರೆಯಿತು. ಮತ್ತೆ 19ನೆಯ ಶತಮಾನದ ನಡುವಿನಲ್ಲಿ ಹಿಮ್ಮಡಿ ಏರಿತು. ಕುದುರೆ ಇಲ್ಲ, ಬಾಣವಿಲ್ಲ. ಅಂಕವಣಿಯ ತುಂಡು ಮಾತ್ರ ಉಳಿದುಕೊಂಡಿತು.

ವೆನಿಸ್ ನಗರದ ಸಿರಿವಂತ ಹೆಂಗಸರು 15, 16ನೆಯ ಶತಮಾನಗಳಲ್ಲಿ ತೊಡುತ್ತಿದ್ದ ‘ಶೋಪೀನ್’ ಎಂಬ ಮೆಟ್ಟು ಇನ್ನೊಂದು ಸೋಜಿಗ. ಅದು ಮರದ ಮಣೆಯ ಮೇಲೆ ಕಟ್ಟಿದ ಚಪ್ಪಲಿ. ಸುಮಾರು 50 ಸೆಂಟಿಮೀಟರ್ ಎತ್ತರದ್ದೊಂದು ಆ ಊರಿನ ಕೊರೇರ್ ವಸ್ತುಸಂಗ್ರಹಾಲಯದಲ್ಲಿದೆ. ತೊಟ್ಟವಳು ಒಬ್ಬಳೇ ನಡೆಯುವಂತಿಲ್ಲ, ಎರಡು ಕಡೆಯಿಂದಲೂ ಹಿಡಿದುಕೊಳ್ಳಲು ದಾಸಿಯರು ಬೇಕು. ಮೆಟ್ಟು ಎತ್ತರವಾದಷ್ಟೂ ಅಂಗಿಗೆ ಬಟ್ಟೆ ಹೆಚ್ಚು. ಬಟ್ಟೆ ಹೆಚ್ಚಾದಷ್ಟೂ ಮನೆತನದ ಐಶ್ವರ್ಯ ಬೀದಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಹೆಂಗಸಿನ ಕಾಲು ಮನೆಯ ಜಾಹೀರಾತಾಯಿತು, ಅಷ್ಟೆ.

ಚೀಣದ ಮಾತನ್ನು ನಗುತ್ತ ಹೇಳಲಾಗದು. ಅಲ್ಲಿ ಐದಾರು ವರ್ಷದ ಹೆಣ್ಣುಮಗುವಿನ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನ ಅಡಿಗೆ ಮಡಚಿ, ಮೂಳೆ ಮುರಿಯುವಂತೆ ಬಟ್ಟೆಯಿಂದ ಬಿಗಿದು ಕಟ್ಟುವ ಪದ್ಧತಿ ಸುಮಾರು ಸಾವಿರ ವರ್ಷ ನಡೆಯಿತು. ಮೂರು ಇಂಚಿನ ‘ಚಿನ್ನದ ತಾವರೆ’ ಆದರ್ಶದ ಅಳತೆ. ಕಟ್ಟುತ್ತಿದ್ದವಳು ತಾಯಿ, ಕಟ್ಟದಿದ್ದರೆ ಮಗಳಿಗೆ ಒಳ್ಳೆಯ ಮನೆ ಸಿಕ್ಕದೆಂಬ ಭಯ. ತಾಯಿಯ ಕೈಯಿಂದಲೇ ಮಗಳ ಮೂಳೆ ಮುರಿಸುವಷ್ಟು ಬಲ ಲೋಕರೂಢಿಗೆ ಇರುವುದನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. 17ನೆಯ ಶತಮಾನದಲ್ಲಿ ಕಾಂಗ್‌ಷೀ ಚಕ್ರವರ್ತಿ ಇದನ್ನು ನಿಷೇಧಿಸಿದ. ಕೆಲವೇ ವರ್ಷಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. 1895ರಲ್ಲಿ ಶಾಂಘೈಯಲ್ಲಿ ‘ಸಹಜ ಪಾದ’ದ ಸಂಘವೊಂದು ಹುಟ್ಟಿತು. 1912ರಲ್ಲಿ ಹೊಸ ಗಣರಾಜ್ಯವು ಕಾನೂನಿನಿಂದ ಈ ಪದ್ಧತಿಯನ್ನು ನಿಲ್ಲಿಸಿತು. ಆದರೂ ಕಟ್ಟಿದ ಪಾದದ ಮುದುಕಿಯರಿಗಾಗಿ ಪುಟ್ಟ ಬೂಟುಗಳನ್ನು ಮಾಡುತ್ತಿದ್ದ ಹಾರ್ಬಿನ್ ನಗರದ ಕಾರ್ಖಾನೆಯೊಂದು ಆ ಕೆಲಸವನ್ನು ನಿಲ್ಲಿಸಿದ್ದು 1999ರಲ್ಲಿ.

ಯೂರೋಪಿನವರು ಚೀಣದ ಈ ಪದ್ಧತಿಯನ್ನು ಕಂಡು ಹೇಸಿಕೊಂಡರು. ಅದೇ ಕಾಲದಲ್ಲಿ ಅವರ ಹೆಂಗಸರು ತೊಡುತ್ತಿದ್ದ ಬೂಟಿಗೆ ಎಡ ಬಲವೇ ಇರಲಿಲ್ಲ! ಇದು ನಿಮಗೆ ನಂಬಲಾಗದ ಮಾತಾಗಿ ತೋರಬಹುದು. ಪ್ರಾಚೀನ ರೋಮಿನವರು ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಮಾಡುತ್ತಿದ್ದರು. ಆದರೆ 1600ರ ಸುಮಾರಿಗೆ ಎತ್ತರದ ಹಿಮ್ಮಡಿ ಬಂದಾಗ ತೊಡಕಾಯಿತು. ಬೂಟನ್ನು ಹೊಲಿಯುವುದು ಕಾಲಿನ ಆಕಾರದ ಮರದ ಅಚ್ಚಿನ ಮೇಲೆ. ಹಿಮ್ಮಡಿಯ ಪ್ರತಿಯೊಂದು ಎತ್ತರಕ್ಕೂ ಒಂದೊಂದು ಅಚ್ಚು ಬೇಕು. ಅದರಲ್ಲಿ ಎಡ ಬಲ ಎಂದು ಎರಡೆರಡು ಕೆತ್ತುವುದೆಂದರೆ ಖರ್ಚು. ಹಾಗಾಗಿ ನೆಟ್ಟಗೆ ಒಂದೇ ಅಚ್ಚು ಮಾಡಿ ಎರಡು ಕಾಲಿಗೂ ಅದರ ಮೇಲೆಯೇ ಹೊಲಿದರು. ಇನ್ನೂರು ವರ್ಷ ಹೀಗೆ ನಡೆಯಿತು. 19ನೆಯ ಶತಮಾನದಲ್ಲಿ ಗಂಡಸರ ಬೂಟಿಗೆ ಎಡ ಬಲ ಮರಳಿ ಬಂದ ಮೇಲೆಯೂ ಹೆಂಗಸರ ತೆಳ್ಳನೆಯ ಬೂಟುಗಳಲ್ಲಿ ನೆಟ್ಟನೆಯ ಅಚ್ಚು ಬಹುಕಾಲ ಉಳಿಯಿತು. ನೆಟ್ಟಗಿದ್ದರೆ ಪಾದ ಸಣ್ಣದಾಗಿ ಕಾಣುತ್ತದೆ ಎಂಬುದು ಒಂದು ಕಾರಣ. ಕಾಣುವುದಕ್ಕೆ ಚೆಂದ, ನಡೆಯುವವಳ ಪಾಡು ಅವಳಿಗೆ.

ಈ ಅವಸ್ಥೆಯನ್ನು ಕಂಡು ಮೊದಲು ಬಾಯಿಬಿಟ್ಟವರಲ್ಲಿ ಹಾಲೆಂಡಿನ ಅಂಗರಚನಾಶಾಸ್ತ್ರಜ್ಞ ಪೀಟರ್ ಕ್ಯಾಂಪರ್ ಒಬ್ಬ. 1781ರಲ್ಲಿ ಆತ ಬೂಟಿನ ಉತ್ತಮ ಆಕಾರ ಯಾವುದೆಂಬ ವಿಷಯವಾಗಿ ಒಂದು ಪ್ರಬಂಧವನ್ನೇ ಬರೆದ. ಕುದುರೆ, ಹೇಸರಗತ್ತೆ, ಎತ್ತುಗಳ ಗೊರಸಿನ ಬಗ್ಗೆ ಎಲ್ಲ ಕಾಲದಲ್ಲಿಯೂ ಅಷ್ಟೊಂದು ಎಚ್ಚರ ವಹಿಸಿದ ಮನುಷ್ಯ ತನ್ನ ಪಾದವನ್ನು ಮಾತ್ರ ಮರೆತನಲ್ಲ ಎಂಬುದು ಅವನ ಅಚ್ಚರಿ. ಅವನ ತರುವಾಯ 1850ರ ದಶಕದಲ್ಲಿ ಜ್ಯೂರಿಕ್ ನಗರದ ಹರ್ಮನ್ ಮೈಯರ್ ಎಂಬ ಪಂಡಿತ ಒಂದು ಗೆರೆಯನ್ನು ತೋರಿಸಿಕೊಟ್ಟ. ಆರೋಗ್ಯವಾದ ಪಾದದಲ್ಲಿ ಹೆಬ್ಬೆರಳಿನ ನಡುವೆ ಒಂದು ಗೆರೆಯನ್ನು ಎಳೆದು ಹಿಂದಕ್ಕೆ ಒಯ್ದರೆ ಅದು ಹಿಮ್ಮಡಿಯ ನಡುವನ್ನು ಮುಟ್ಟುತ್ತದೆ. ಆದುದರಿಂದ ಬೂಟಿನ ತುದಿ ಇರಬೇಕಾದದ್ದು ಹೆಬ್ಬೆರಳಿನ ನೇರಕ್ಕೆ, ಪಾದದ ನಡುವಿಗಲ್ಲ. ತುದಿಯನ್ನು ನಡುವಿಗೆ ತಂದರೆ ಹೆಬ್ಬೆರಳು ಒಳಕ್ಕೆ ಬಾಗಿ ಉಳಿದವುಗಳ ಮೇಲೆ ಬೀಳುತ್ತದೆ. ಅದರ ಬುಡದ ಕೀಲು ಹೊರಕ್ಕೆ ಗಂಟಾಗಿ ಉಬ್ಬುತ್ತದೆ. ಪೇಟೆಯ ಎಷ್ಟೋ ಹೆಂಗಸರ ಕಾಲಿನಲ್ಲಿ ಇಂದು ಕಾಣುವ ಗಂಟು ಅದೇ. ಕೆಲವರಿಗೆ ಅದು ಮನೆತನದಲ್ಲಿ ಬರುವುದುಂಟು. ಚೂಪು ಬೂಟು ಅದನ್ನು ಬೆಳೆಸುತ್ತದೆ. ಮೈಯರನ ಗೆರೆಯನ್ನು ಈಗಲೂ ಅಂಗಡಿಯಲ್ಲಿ ಕಣ್ಣಳತೆಯಿಂದ ಹಾಕಿ ನೋಡಬಹುದು, ಖರ್ಚೇನೂ ಇಲ್ಲ.

ಇನ್ನು ನಂಬರಿನ ಕಥೆ. ‘ನನ್ನದು ಐದು’ ಎಂದು ನೀವು ಅಂಗಡಿಯಲ್ಲಿ ಹೇಳುತ್ತೀರಲ್ಲ, ಆ ಐದು ಎಂದರೆ ಏನು? ಐದು ಇಂಚೂ ಅಲ್ಲ, ಐದು ಸೆಂಟಿಮೀಟರೂ ಅಲ್ಲ. ಅದು ಐದು ಬಾರ್ಲಿ ಕಾಳು! ಮಧ್ಯಯುಗದ ಇಂಗ್ಲೆಂಡಿನ ಕಟ್ಟಳೆಯಂತೆ ಒಣಗಿದ ದುಂಡನೆಯ ಮೂರು ಬಾರ್ಲಿ ಕಾಳುಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು. ಅಲ್ಲಿನ ಬೂಟು ಹೊಲಿಯುವವರು ಒಂದೊಂದು ಕಾಳಿನ ಉದ್ದವನ್ನು ಒಂದೊಂದು ನಂಬರಿಗೆ ಇಟ್ಟುಕೊಂಡರು. ಬೂಟಿನ ಅಳತೆಯ ಕ್ರಮ 1688ರ ರಾಂಡಲ್ ಹೋಮನ ಗ್ರಂಥದಲ್ಲಿಯೇ ದಾಖಲಾಗಿದೆ. ಲೆಕ್ಕ ಹೀಗೆ: ನಾಲ್ಕು ಇಂಚಿನ ಅಚ್ಚು ಮಗುವಿನ ಸೊನ್ನೆ ನಂಬರು. ಅಲ್ಲಿಂದ ಕಾಳಿಗೊಂದರಂತೆ ಏರುತ್ತ ಮಕ್ಕಳ 13ನೆಯ ನಂಬರಿಗೆ ಎಂಟು ಇಂಚು ಮತ್ತು ಒಂದು ಕಾಳು. ಮತ್ತೆ ದೊಡ್ಡವರ ಒಂದು, ಎರಡು ಎಂದು ಹೊಸ ಎಣಿಕೆ. ದೊಡ್ಡವರ ಐದಕ್ಕೆ ಸರಿಯಾಗಿ ಹತ್ತು ಇಂಚು. ಗಮನಿಸಿ, ಇದು ಅಚ್ಚಿನ ಉದ್ದ, ನಿಮ್ಮ ಕಾಲಿನದಲ್ಲ. ಕಾಲು ಅದಕ್ಕಿಂತ ಅರ್ಧ ಇಂಚಿನಷ್ಟಾದರೂ ಗಿಡ್ಡವಿರಬೇಕು. ಎಷ್ಟು ಗಿಡ್ಡವೆಂಬುದು ಮಾಡುವ ಕಂಪನಿಯ ಚಿತ್ತ. ಒಂದು ಅಂಗಡಿಯ ಐದು ಇನ್ನೊಂದರಲ್ಲಿ ಆರಾಗುವ ರಹಸ್ಯ ಇದೇ. ಯೂರೋಪು ಖಂಡದವರ ಎಣಿಕೆ ಬೇರೆ. ಅವರದು ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲಿಗೆ ಒಂದು ನಂಬರು. ಇಂಗ್ಲೆಂಡಿನ ಐದು ಅವರಿಗೆ ಸುಮಾರು 38. ಅಮೆರಿಕದ ಹೆಂಗಸರಿಗೆ ಅದೇ ಸುಮಾರು 7.

ಕಾಳಿನಿಂದ ಅಳೆಯುವುದು ನಮಗೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವದ, ಅಂದರೆ ಎಂಟು ಜವೆಗೋದಿ ಕಾಳಿನ ನಡುಭಾಗ ಒಂದು ಅಂಗುಲ. ಅವರು ಕಾಳನ್ನು ಉದ್ದಕ್ಕೆ ಮಲಗಿಸಿದರು, ನಾವು ಅಡ್ಡಕ್ಕೆ. ಬೂಟಿನ ಮಟ್ಟಿಗೆ ಉಳಿದದ್ದು ಅವರ ಕಾಳು.

ಈ ನಂಬರು ಉದ್ದವನ್ನಷ್ಟೇ ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ದೋಷವಿರುವುದು ಇಲ್ಲಿಯೇ. ಕಾಲನ್ನು ಕಣ್ಣಿಂದ ನೋಡಿ, ನೂಲಿನಿಂದ ಸುತ್ತಿ ಅಳೆದು ಹೊಲಿಯುತ್ತಿದ್ದ ಕಾಲದಲ್ಲಿ ಅಗಲ ತಾನಾಗಿಯೇ ಲೆಕ್ಕಕ್ಕೆ ಬರುತ್ತಿತ್ತು. ಯಂತ್ರ ಬಂದ ಮೇಲೆ ಅದು ತಪ್ಪಿತು. ಅಮೆರಿಕದ ಲಿನ್ ಎಂಬ ಊರಿನಲ್ಲಿ ಯಾನ್ ಮಾಟ್ಸೆಲಿಗರ್ ಎಂಬ ಕರಿಯ ಕುಶಲಿ ಇದ್ದ. ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದವ. ಬೂಟಿನ ಮೇಲ್ದೊಗಲನ್ನು ಅಚ್ಚಿನ ಮೇಲೆ ಎಳೆದು ಅಟ್ಟೆಗೆ ಸೇರಿಸುವ ಕಷ್ಟದ ಕೆಲಸಕ್ಕೆ 1883ರಲ್ಲಿ ಆತ ಒಂದು ಯಂತ್ರದ ಹಕ್ಕುಪತ್ರ ಪಡೆದ. ನುರಿತ ಕೈಗೆ ದಿನಕ್ಕೆ 50 ಜೊತೆ ಆಗುತ್ತಿದ್ದರೆ ಯಂತ್ರಕ್ಕೆ 150ರಿಂದ 700. ಬೂಟಿನ ಬೆಲೆ ಇಳಿಯಿತು, ಬಡವರ ಕಾಲಿಗೂ ಬೂಟು ಬಂತು. ಇದು ದೊಡ್ಡ ಉಪಕಾರ, ಅಲ್ಲಗಳೆಯುವಂತಿಲ್ಲ. ಆದರೆ ಅಂದಿನಿಂದ ಕಾಲು ಅಂಗಡಿಗೆ ಹೋಗಿ ಸಿದ್ಧವಾಗಿರುವ ಆಕಾರಕ್ಕೆ ತಾನು ಹೊಂದಿಕೊಳ್ಳಬೇಕಾಯಿತು.

20ನೆಯ ಶತಮಾನದಲ್ಲಿ ಅಂಗಡಿಯವರಿಗೆ ಮತ್ತೆ ಅಳೆಯುವ ಬುದ್ಧಿ ಬಂತು. 1920ರ ದಶಕದಲ್ಲಿ ಚಾರ್ಲ್ಸ್ ಬ್ರಾನಕ್ ಎಂಬ ಅಮೆರಿಕದ ಬೂಟಿನ ವ್ಯಾಪಾರಿಯ ಮಗ ಒಂದು ಲೋಹದ ತಟ್ಟೆಯನ್ನು ಮಾಡಿದ. ಅದರ ಮೇಲೆ ಕಾಲಿಟ್ಟು ನಿಂತರೆ ಉದ್ದ, ಅಗಲ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಕೀಲಿನವರೆಗಿನ ದೂರ, ಮೂರೂ ಒಟ್ಟಿಗೆ ತಿಳಿಯುತ್ತವೆ. ಸರಳವಾದ, ಒಳ್ಳೆಯ ಸಾಧನ. ಅದೇ ಕಾಲದಲ್ಲಿ ಬಂದ ಇನ್ನೊಂದು ‘ವಿಜ್ಞಾನ’ವಾದರೋ ಅಪಾಯದ್ದು. ಬೂಟು ತೊಟ್ಟ ಕಾಲನ್ನು ಕ್ಷಕಿರಣದ ಪೆಟ್ಟಿಗೆಯೊಳಗಿಟ್ಟು ಬೆರಳಿನ ಮೂಳೆಗಳನ್ನು ನೋಡುವುದು. ಮಕ್ಕಳಿಗೆ ಅದೊಂದು ಆಟ. ಅಂಗಡಿಯ ನೌಕರರು ದಿನವೆಲ್ಲ ಅದರ ಪಕ್ಕದಲ್ಲಿ ನಿಂತಿರುತ್ತಿದ್ದರು. ಆ ಕಿರಣದ ಕೇಡು ತಿಳಿದ ಮೇಲೆ 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಅದನ್ನು ನಿಷೇಧಿಸಿತು. ಬೇರೆಯವರೂ ಕ್ರಮೇಣ ಕೈಬಿಟ್ಟರು.

ಅಂದಕ್ಕೂ ಹಿತಕ್ಕೂ ಹಗೆತನವಿಲ್ಲವೆಂದು ಕೈಯಿಂದಲೇ ತೋರಿಸಿದವನು ಇಟಲಿಯ ಸಾಲ್ವತೋರೆ ಫೆರಗಾಮೊ. 1898ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಸಿನಿಮಾ ತಾರೆಯರಿಗೆ ಬೂಟು ಹೊಲಿದವ. ಅಂದವಾದ ತನ್ನ ಬೂಟುಗಳು ಏಕೆ ಕಚ್ಚುತ್ತವೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಉತ್ತರ ಹುಡುಕಲು ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಂಗರಚನಾಶಾಸ್ತ್ರದ ಪಾಠ ಕೇಳಿದ! ನಿಂತಾಗ ಮೈಭಾರವು ಪಾದದ ನಡುವಿನ ಕಮಾನಿನ ಮೇಲೆ ನೇರವಾಗಿ ಇಳಿಯುತ್ತದೆ, ಅದಕ್ಕೆ ಆಸರೆ ಕೊಡದಿದ್ದರೆ ಬೆರಳುಗಳು ಮುಂದಕ್ಕೆ ಜಾರಿ ಇಕ್ಕಟ್ಟಿಗೆ ಸಿಕ್ಕುತ್ತವೆ ಎಂದು ಕಂಡುಕೊಂಡು ಬೂಟಿನ ನಡುವಿಗೆ ಉಕ್ಕಿನ ಪಟ್ಟಿ ಇಟ್ಟ. 1930ರ ದಶಕದಲ್ಲಿ ಅಬಿಸೀನಿಯಾ ಯುದ್ಧದ ಕಾರಣ ಇಟಲಿಗೆ ಒಳ್ಳೆಯ ಉಕ್ಕು ಸಿಕ್ಕದಾದಾಗ ಹಿಮ್ಮಡಿಯ ಅಡಿಯ ಖಾಲಿ ಜಾಗವನ್ನೆಲ್ಲ ಬೆಂಡಿನಿಂದ ತುಂಬಿಬಿಟ್ಟ. ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿ ತುಂಬಿರುವ ಅಟ್ಟೆಯ ಚಪ್ಪಲಿ ನಿಮ್ಮ ಮನೆಯಲ್ಲೂ ಇರಬಹುದು. ಅದರ ಹುಟ್ಟು ಇದು. ಎತ್ತರ ಬೇಕೆನ್ನುವವರಿಗೆ ಕಡ್ಡಿಯಂಥ ಹಿಮ್ಮಡಿಗಿಂತ ಇದು ಎಷ್ಟೋ ಮೇಲು. ಕಡ್ಡಿಹಿಮ್ಮಡಿ 1950ರ ದಶಕದ್ದು, ಒಳಗೆ ಉಕ್ಕಿನ ಸರಳಿಟ್ಟು ಮಾಡಿದ್ದು. 50 ಕಿಲೋ ತೂಕದ ಹೆಂಗಸು ಒಂದು ಚದರ ಸೆಂಟಿಮೀಟರಿನ ತುದಿಯ ಮೇಲೆ ಕಾಲೂರಿದರೆ ಆ ಜಾಗದ ಮೇಲೆ ಬೀಳುವ ಭಾರವನ್ನು ಎಣಿಸಿ ನೋಡಿ. ಮರದ ನೆಲದಲ್ಲಿ ಗುಳಿ ಬೀಳುತ್ತಿತ್ತು.

ಈಗ ನಮ್ಮ ದೇಶಕ್ಕೆ ಮರಳೋಣ. 1930ರ ದಶಕದಲ್ಲಿ ಕಲ್ಕತ್ತೆಯ ಬಳಿ ಬಾಟಾನಗರ ಎದ್ದಿತು. ನಂಬರಿನ ಬೂಟು ಚಪ್ಪಲಿಗಳು ಊರೂರಿಗೆ ಹರಡಿದವು. ನಂಬರು ಮಾತ್ರ ಇಂಗ್ಲೆಂಡಿನದೇ. ಭಾರತದ ಹೆಣ್ಣಿನ ಪಾದ ಎಷ್ಟು ಉದ್ದ, ಎಷ್ಟು ಅಗಲ ಎಂದು ದೇಶದ ಉದ್ದಗಲಕ್ಕೂ ಅಳೆದು ನೋಡಲು ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವೇ ಕಳೆಯಬೇಕಾಯಿತು. 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 79 ಸ್ಥಳಗಳಲ್ಲಿ 1,01,880 ಜನರ ಪಾದವನ್ನು ಯಂತ್ರದಿಂದ ಅಳೆದರು. ಯೂರೋಪು, ಅಮೆರಿಕದವರಿಗಿಂತ ನಮ್ಮವರ ಪಾದ ಅಗಲವೆಂದು ತಿಳಿದುಬಂತು. ಆದುದರಿಂದಲೇ ನಮ್ಮವರು ಅಗಲ ಸಾಲದೆ ಉದ್ದದಲ್ಲಿ ಒಂದು ನಂಬರು ಮೇಲಿನದನ್ನು ಕೊಳ್ಳುತ್ತಿದ್ದರು. ಅಂಥ ಎತ್ತರದ ಹಿಮ್ಮಡಿಯ ಮೆಟ್ಟಿನಲ್ಲಿ ಹೆಂಗಸರ ಕಾಲು ಸಡಿಲವಾಗಿ ಹೊರಳಿ, ಉಳುಕಿ, ಪೆಟ್ಟಾಗುವುದನ್ನೂ ಗಮನಿಸಲಾಯಿತು. ‘ಭ’ ಎಂಬ ಹೆಸರಿನಲ್ಲಿ ಎಂಟು ವರ್ಗಗಳ ಭಾರತೀಯ ಅಳತೆಯನ್ನು ಸೂಚಿಸಿದರು. ಅದರಲ್ಲಿ 12, 13 ವರ್ಷದ ಹುಡುಗಿಯರಿಗೇ ಒಂದು ವರ್ಗ, 14 ದಾಟಿದ ಹೆಣ್ಣಿಗೆ ಇನ್ನೊಂದು.

ಈ ಸಮೀಕ್ಷೆಯ ಇನ್ನೊಂದು ಮಾತು ತಾಯ್ತಂದೆಗಳಿಗೆ ಮುಖ್ಯ. ನಮ್ಮ ಹೆಣ್ಣುಮಕ್ಕಳ ಪಾದದ ಬೆಳವಣಿಗೆ ತುದಿ ಮುಟ್ಟುವುದು 11ರ ಹೊತ್ತಿಗೆ. ಗಂಡುಮಕ್ಕಳದು 15, 16ಕ್ಕೆ. ಐದು ಆರನೆಯ ತರಗತಿಯ ಹುಡುಗಿ ಹೋದ ವರ್ಷದ ಬೂಟಿನಲ್ಲಿಯೇ ಈ ವರ್ಷವನ್ನೂ ನೂಕುವಾಗ ಬೆಳೆಯುವ ಮೂಳೆ ಅಚ್ಚಿಗೆ ಸಿಕ್ಕಿದ ಬೆಲ್ಲದಂತಾಗುತ್ತದೆ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆವೈದ್ಯರು 2300 ಮಕ್ಕಳ ಹೆಜ್ಜೆಯ ಗುರುತನ್ನು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಲೋಕಪ್ರಸಿದ್ಧ. ಬರಿಗಾಲಿನ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 2.8, ಮೆಟ್ಟು ತೊಟ್ಟವರಲ್ಲಿ 8.6. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅದು ಹೆಚ್ಚು. ಮನೆಯ ಅಂಗಳದಲ್ಲಿ ಮಗು ಬರಿಗಾಲಲ್ಲಿ ಓಡಿದರೆ ಗದರಿಸುವ ಮೊದಲು ಇದನ್ನು ನೆನೆಯಿರಿ.

ಅಳತೆಗೆ ಹೊಂದುವ ಮೆಟ್ಟು ನಮ್ಮಲ್ಲಿಯೇ ಇಲ್ಲದಿರಲಿಲ್ಲ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಅಥಣಿಯ ಕಡೆಯ ಸಮಗಾರರ ಕೈಚಳಕ ಹೆಸರಾದದ್ದು. ಜಾಲಿಯ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲು, ಮೊಳೆಯಿಲ್ಲ, ಹೆಬ್ಬೆರಳಿಗೊಂದು ಉಂಗುರ, ಬೆರಳೆಲ್ಲ ಬಯಲಿಗೆ. ಹೊಸತರಲ್ಲಿ ಬಿರುಸು, ಕೆಲವು ವಾರದಲ್ಲಿ ಅದು ತೊಟ್ಟವರ ಕಾಲಿನ ಪಡಿಯಚ್ಚಾಗುತ್ತದೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಊರ ಹೆಸರು ಹೇಳದೆ ತೋರಿಸಿ ಗದ್ದಲವಾಯಿತು. ಬಳಿಕ ಭಾರತದ ಕುಶಲಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಆದರೂ ಅಭಿಮಾನಕ್ಕೆ ಸಿಕ್ಕಿ ಇದೇ ಸರ್ವಶ್ರೇಷ್ಠವೆಂದು ನಾನು ಹೇಳಲಾರೆ. ಮಳೆಗಾಲಕ್ಕೆ ಇದು ಆಗದು. ದಿನಕ್ಕೆ ಆರು ತಾಸು ಕರಿಹಲಗೆಯ ಮುಂದೆ ನಿಲ್ಲುವ ನಮ್ಮ ಶಿಕ್ಷಕಿಯರಿಗೆ, ದಾದಿಯರಿಗೆ, ಅಂಗಡಿಯ ಹುಡುಗಿಯರಿಗೆ ಅಡಿಯಲ್ಲಿ ಮೆತ್ತೆಯೂ ಹಿಮ್ಮಡಿಗೆ ಪಟ್ಟಿಯೂ ಇರುವ ಮೆಟ್ಟೇ ಬೇಕು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಬೆಳಗ್ಗೆ ಹೋಗಬೇಡಿ, ಸಂಜೆ ಹೋಗಿ. ದಿನವೆಲ್ಲ ನಡೆದ ಕಾಲು ಕೊಂಚ ಊದಿರುತ್ತದೆ, ಆಗ ಹಿತವಾದದ್ದು ಯಾವಾಗಲೂ ಹಿತ. ಕುಳಿತು ಅಳೆಸಬೇಡಿ, ಎದ್ದು ನಿಲ್ಲಿ. ಭಾರ ಬಿದ್ದಾಗ ಪಾದ ಹರಡುತ್ತದೆ. ಎರಡು ಕಾಲೂ ಸಮನಾಗಿರುವವರು ಕಡಮೆ, ದೊಡ್ಡ ಕಾಲಿಗೆ ಸರಿಯಾದದ್ದನ್ನು ತೆಗೆದುಕೊಳ್ಳಿ. ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ, ಹಿಮ್ಮಡಿ ಜಾರದಿರಲಿ. ಬೂಟಿನ ಅತಿ ಅಗಲವಾದ ಭಾಗ ನಿಮ್ಮ ಬೆರಳುಗಳ ಬುಡದ ಕೀಲಿಗೆ ಸರಿಯಾಗಿ ಕೂರಬೇಕು, ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ. ಕಾಲುಂಗುರ ತೊಡುವವರು ಅದನ್ನು ತೊಟ್ಟೇ ಹಾಕಿ ನೋಡಿ. ಕಾಲುಂಗುರವನ್ನು ಲೆಕ್ಕಕ್ಕೆ ತಂದ ಅಚ್ಚು ಇಂಗ್ಲೆಂಡಿನಲ್ಲಿ ಎಲ್ಲಿಂದ ಬರಬೇಕು? ಮುಚ್ಚಿದ ಬೂಟಿನಲ್ಲಿ ಪಕ್ಕದ ಬೆರಳಿಗೆ ಅದು ಒತ್ತಿ ಗಾಯವಾಗುವುದುಂಟು. ಹೆರಿಗೆಯಾದ ಮೇಲೆ ಹಲವರ ಪಾದ ಉದ್ದಕ್ಕೂ ಅಗಲಕ್ಕೂ ಕೊಂಚ ಬೆಳೆಯುತ್ತದೆ. ಮದುವೆಗೆ ಮೊದಲಿನ ನಂಬರನ್ನೇ ಮಂತ್ರದಂತೆ ಹೇಳಬೇಡಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಸ್ಪರ್ಶಜ್ಞಾನ ಕುಂದಿದ್ದರೆ ಕಚ್ಚಿದ್ದು ತಿಳಿಯುವುದಿಲ್ಲ, ಗಾಯ ಮಾಯುವುದಿಲ್ಲ. ಅವರು ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಬೇಕು, ವೈದ್ಯರನ್ನು ಕೇಳದೆ ಚೂಪು ಬೂಟಿನ ಸಹವಾಸ ಮಾಡಬಾರದು. ಎತ್ತರ ಬೇಕೆಂದರೆ ಎರಡು ಬೆರಳಗಲ ಸಾಕು, ಬುಡ ಅಗಲವಿರಲಿ. ಹಬ್ಬಕ್ಕೆಂದು ಬಣ್ಣದ್ದೊಂದು ಕೊಂಡರೆ ಯಾರೂ ಬೇಡವೆನ್ನರು. ಬಣ್ಣ, ಕಸೂತಿ, ಗೊಂಡೆಗಳಿಂದ ಯಾರ ಬೆರಳೂ ಬಾಗಿಲ್ಲ. ‘ಹಾಕ್ತಾ ಹಾಕ್ತಾ ಲೂಸಾಗುತ್ತೆ, ಅಮ್ಮಾ’ ಎಂದು ಅಂಗಡಿಯವನು ಹೇಳಿದರೆ ಮಾತ್ರ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬನ್ನಿ. ತೊಗಲು ಅಗಲಕ್ಕೆ ಒಂದಿಷ್ಟು ಹಿಗ್ಗೀತು, ರೆಗ್ಸಿನ್ ಅದೂ ಇಲ್ಲ. ಉದ್ದಕ್ಕೆ ಯಾವುದೂ ಹಿಗ್ಗದು.

ಇನ್ನೊಂದು ಉಪಾಯವಿದೆ, ಹಳೆಯ ಸಮಗಾರರಿಂದ ಬಂದದ್ದು. ಮನೆಯಲ್ಲಿ ಒಂದು ದಪ್ಪ ಕಾಗದವನ್ನು ನೆಲದ ಮೇಲೆ ಹಾಸಿ, ಸಂಜೆಯ ಹೊತ್ತು ಅದರ ಮೇಲೆ ನಿಂತು, ಮಗಳಿಂದಲೋ ಸೊಸೆಯಿಂದಲೋ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿ. ಪೆನ್ಸಿಲು ನೆಟ್ಟಗೆ ನಿಂತಿರಬೇಕು, ಒಳಕ್ಕೆ ವಾಲಬಾರದು. ಎರಡು ಕಾಲಿಗೂ ಹೀಗೆ ಮಾಡಿ ಗೆರೆಯಂತೆ ಕತ್ತರಿಸಿ, ಮಡಚದೆ ಪುಸ್ತಕದೊಳಗೆ ಇಟ್ಟುಕೊಂಡು ಅಂಗಡಿಗೆ ಹೋಗಿ. ಮೆಚ್ಚಿದ ಬೂಟಿನೊಳಗೆ ಆ ಕಾಗದವನ್ನು ಜಾರಿಸಿ ನೋಡಿ. ಅಂಚು ಮಡಚದೆ ಮಲಗಿದರೆ ಬೆಲೆ ಕೇಳಿ. ಮಡಚಿದರೆ ಬೇರೊಂದು ಜೊತೆಯನ್ನು ತೆಗೆಸಿ.